ತೂಕ ಇಳಿಸುವ ಆಪರೇಷನ್ ಆದ ಮೇಲಿನ ಒಂದು ವರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಷನ್‌ಗೆ ಮೊದಲು ಎಲ್ಲರೂ ಕೇಳುವುದು ಖರ್ಚೆಷ್ಟು, ನೋವೆಷ್ಟು, ಎಷ್ಟು ಕೆಜಿ ಇಳಿಯುತ್ತದೆ ಎಂದು. ಮನೆಗೆ ಬಂದ ಮೇಲಿನ ಪ್ರಶ್ನೆಗಳೇ ಬೇರೆ. ಅವು ಅಡುಗೆಮನೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಮೆಡಿಕಲ್ ಶಾಪ್ ಮುಂದೆ ನಿಂತಾಗ ಹುಟ್ಟುತ್ತವೆ. ಅಂಥವನ್ನು ಇಲ್ಲಿ ಸೇರಿಸಿದ್ದೇನೆ.

ಓದುವ ಮೊದಲು ಒಂದು ಮಾತು. ತೂಕ ಇಳಿಯುತ್ತಿದ್ದರೆ ಎಲ್ಲವೂ ಸರಿಯಾಗಿದೆ ಎಂದೇ ನಮ್ಮಲ್ಲಿ ಲೆಕ್ಕ. ದಿನಾ ವಾಂತಿಯಾದರೂ, ಕಾಲು ಜೋಮು ಹಿಡಿದರೂ, ಮೆಟ್ಟಿಲು ಹತ್ತಲು ಆಗದಿದ್ದರೂ "ಸಣ್ಣ ಆಗ್ತಿದ್ದೀಯಲ್ಲ, ಬಿಡು" ಎನ್ನುವವರೇ ಹೆಚ್ಚು. ತಡೆಯಬಹುದಾದ ತೊಂದರೆ ಕೈಮೀರುವುದು ಈ ಸಮಾಧಾನದಿಂದ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಕೆಜಿಯ ಮಾತು ಕಡಿಮೆ, ಊಟ, ಮಾತ್ರೆ ಮತ್ತು ರಕ್ತ ಪರೀಕ್ಷೆಯ ಮಾತು ಹೆಚ್ಚು. ನಿಮ್ಮ ಸರ್ಜನ್ ಅಥವಾ ಡಯೆಟಿಷಿಯನ್ ನಿಮಗೆಂದೇ ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ನನಗೆ ಆಗಿರುವುದು ಸ್ಲೀವಾ, ಬೈಪಾಸಾ ಅಂತ ಸರಿಯಾಗಿ ಗೊತ್ತಿಲ್ಲ. ಗೊತ್ತಿರಲೇಬೇಕಾ?

ಗೊತ್ತಿರಲೇಬೇಕು. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂತೆ ಉದ್ದನೆಯ ಸಣ್ಣ ಚೀಲ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವ ಭಾಗವೂ ಅದರ ಜೊತೆ ಹೋಗುತ್ತದೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಹಸಿವೇ ಆಗುವುದಿಲ್ಲ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಆಹಾರ ಕರುಳಿನ ಮೊದಲ ಭಾಗವನ್ನು ಮುಟ್ಟದೆ ಮುಂದೆ ಹೋಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಚೆನ್ನಾಗಿ ಹೀರಿಕೊಳ್ಳುವ ಜಾಗವೇ ಅದು. ಒಂದೇ ಜೋಡಣೆಯ ಮಿನಿ ಬೈಪಾಸ್ ಕೂಡ ನಮ್ಮ ದೇಶದಲ್ಲಿ ಸಾಕಷ್ಟು ನಡೆಯುತ್ತದೆ.

ಯಾವ ಮಾತ್ರೆ ಬೇಕು, ಯಾವ ನೋವಿಗೆ ಹೆದರಬೇಕು ಎನ್ನುವುದೆಲ್ಲ ಇದರ ಮೇಲೆ ನಿಂತಿದೆ. ಡಿಸ್ಚಾರ್ಜ್ ಸಮ್ಮರಿಯ ಫೋಟೊ ತೆಗೆದು ನಿಮ್ಮ ಮೊಬೈಲ್‌ನಲ್ಲೂ ಮನೆಯ ಇನ್ನೊಬ್ಬರ ಮೊಬೈಲ್‌ನಲ್ಲೂ ಇಟ್ಟುಕೊಳ್ಳಿ. ನೆಗಡಿಗೆ ಹೋದರೂ ಡಾಕ್ಟರಿಗೆ ಮೊದಲು ಅದನ್ನು ತೋರಿಸಿ.

ಮನೆಗೆ ಬಂದ ಮೇಲೆ ಯಾವುದು ಮಾಮೂಲಿ ನೋವು, ಯಾವುದಕ್ಕೆ ಆಸ್ಪತ್ರೆಗೆ ಓಡಬೇಕು?

ಗಾಯದ ಸುತ್ತ ಎಳೆತ, ಭುಜದಲ್ಲಿ ಗ್ಯಾಸ್ ನೋವು, ಸುಸ್ತು ಇವೆಲ್ಲ ಮೊದಲ ವಾರ ಇರುತ್ತವೆ ಮತ್ತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತವೆ. ಕಡಿಮೆಯಾಗುತ್ತಿದ್ದದ್ದು ಮತ್ತೆ ಜಾಸ್ತಿಯಾದರೆ ಎಚ್ಚರ. ಜ್ವರ, ಕೂತಲ್ಲೇ ಎದೆಬಡಿತ ನಿಮಿಷಕ್ಕೆ 120ರ ಆಸುಪಾಸು, ಹೆಚ್ಚುತ್ತಿರುವ ಹೊಟ್ಟೆನೋವು, ಉಸಿರಾಡಲು ಕಷ್ಟ ಇವು ಹೊಲಿಗೆ ಸೋರುತ್ತಿರುವುದರ ಲಕ್ಷಣ ಆಗಿರಬಹುದು. ಒಂದು ಮೀನಖಂಡ ಮಾತ್ರ ಊದಿಕೊಂಡು ನೋಯುತ್ತಿದ್ದರೆ, ದಿಢೀರನೆ ಏದುಸಿರು ಬಂದರೆ ರಕ್ತ ಹೆಪ್ಪುಗಟ್ಟಿರುವ ಅನುಮಾನ. ಕಪ್ಪಗೆ ಟಾರಿನಂತೆ ಮಲ ಹೋದರೆ, ವಾಂತಿಯಲ್ಲಿ ರಕ್ತ ಕಂಡರೆ ಒಳಗೆ ರಕ್ತಸ್ರಾವ. ಈ ಯಾವುದಕ್ಕೂ ಬೆಳಗಾಗಲಿ ಎಂದು ಕಾಯಬೇಡಿ. ಆದಷ್ಟು ಆಪರೇಷನ್ ಆದ ಆಸ್ಪತ್ರೆಗೇ ಹೋಗಿ, ಅದು ದೂರವಿದ್ದರೆ ದಾರಿಯಲ್ಲೇ ಫೋನ್ ಮಾಡಿ.

ಬೈಪಾಸ್ ಆದವರು ಇನ್ನೊಂದನ್ನು ನೆನಪಿಡಬೇಕು. ಆರು ತಿಂಗಳೋ ವರ್ಷವೋ ಕಳೆದು, ತೂಕ ಚೆನ್ನಾಗಿ ಇಳಿದ ಮೇಲೆ, ಇದ್ದಕ್ಕಿದ್ದಂತೆ ಹೊಟ್ಟೆ ಹಿಂಡಿದಂತೆ ನೋವು ಬಂದರೆ ಒಳಗಿನ ಸಂದಿಯಲ್ಲಿ ಕರುಳು ಸಿಕ್ಕಿಕೊಂಡಿರಬಹುದು. ವಾಂತಿ ಇಲ್ಲ ಅಂದಮಾತ್ರಕ್ಕೆ ಅದನ್ನು ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಮಲಗಬಾರದು. ಇದಕ್ಕೆ ಸ್ಕ್ಯಾನ್ ಬೇಕು, ಕೆಲವೊಮ್ಮೆ ಅಂದೇ ಆಪರೇಷನ್ ಬೇಕಾಗುತ್ತದೆ.

ಮೊದಲ ಎರಡು ತಿಂಗಳು ಊಟ ಹೇಗೆ?

ಆಸ್ಪತ್ರೆಯಿಂದ ಆಸ್ಪತ್ರೆಗೆ ದಿನಗಳ ಲೆಕ್ಕ ಬದಲಾಗುತ್ತದೆ, ಕ್ರಮ ಮಾತ್ರ ಎಲ್ಲೆಡೆ ಹೆಚ್ಚುಕಮ್ಮಿ ಒಂದೇ. ಸುಮಾರು ಎರಡು ವಾರ ಬರೀ ದ್ರವ: ಸೋಸಿದ ತಿಳಿಸಾರು, ನೀರು ಮಜ್ಜಿಗೆ, ಕೆನೆ ತೆಗೆದ ಹಾಲು, ಪ್ರೋಟೀನ್ ಪೌಡರ್ ಕಲಸಿದ ನೀರು. ಆಮೇಲಿನ ಎರಡು ವಾರ ನುಣ್ಣಗೆ ಅರೆದದ್ದು: ಹೆಸರುಬೇಳೆ ಬೇಯಿಸಿ ಮಸೆದದ್ದು, ತೆಳ್ಳಗಿನ ರಾಗಿ ಗಂಜಿ, ಗಟ್ಟಿ ಮೊಸರು. ಐದನೇ ವಾರದಿಂದ ಮೆತ್ತನೆಯದು: ಬೇಯಿಸಿದ ಮೊಟ್ಟೆ, ಪನೀರ್, ಸಾರಿನಲ್ಲಿ ನೆನೆದ ಇಡ್ಲಿ, ಮುಳ್ಳು ತೆಗೆದ ಮೀನು. ಎರಡು ತಿಂಗಳ ಹೊತ್ತಿಗೆ ಮನೆಯವರು ತಿನ್ನುವುದನ್ನೇ ಸ್ವಲ್ಪಸ್ವಲ್ಪ ತಿನ್ನಬಹುದು.

ದ್ರವದ ವಾರಗಳಲ್ಲಿ "ಒಂದೇ ಒಂದು ತುತ್ತು ಅನ್ನ ತಿಂದರೆ ಏನಾಗುತ್ತೆ" ಎನಿಸುವುದು ಸಹಜ. ಆದರೆ ಒಳಗಿನ ಹೊಲಿಗೆ ಇನ್ನೂ ಕೂಡಿಕೊಳ್ಳುತ್ತಿರುವ ಸಮಯ ಅದು. ಮನೆಯವರ ಒತ್ತಾಯಕ್ಕೂ ಒಪ್ಪಬೇಡಿ.

ಒಂದು ಹೊತ್ತಿಗೆ ನಾಲ್ಕೈದು ಚಮಚವೇ ಸಾಕೆನಿಸಿದರೆ ಗಾಬರಿ ಬೇಡ. ಇಪ್ಪತ್ತು ನಿಮಿಷವಾದರೂ ಕೂತು ತಿನ್ನಿ. ಎದೆಯಲ್ಲಿ ಒತ್ತಿದಂತಾದರೆ, ಬಿಕ್ಕಳಿಕೆ ಬಂದರೆ, ಮೂಗು ಸೋರಿದರೆ ಅದೇ ತುಂಬಿದ ಗುರುತು. ಕೈಲಿರುವ ತುತ್ತನ್ನೂ ಕೆಳಗಿಟ್ಟುಬಿಡಿ. ತಟ್ಟೆಯಲ್ಲಿ ಅನ್ನ ಬಿಡಬಾರದು ಎಂದು ಬೆಳೆಸಿದ ಮನೆಗಳಲ್ಲಿ ಇದು ನಿಜಕ್ಕೂ ಕಷ್ಟ. ಅದಕ್ಕೆ ಬಡಿಸಿಕೊಳ್ಳುವಾಗಲೇ ಸಣ್ಣ ಬಟ್ಟಲು ತೆಗೆದುಕೊಳ್ಳುವುದು ಒಳ್ಳೆಯದು.

ನೀರು ಕುಡಿಯೋಕೇ ಆಗ್ತಿಲ್ಲ, ಏನು ಮಾಡಲಿ?

ಗಟಗಟ ಕುಡಿಯುವ ಕಾಲ ಸದ್ಯಕ್ಕೆ ಮುಗಿಯಿತು. ಬಾಟಲಿ ಪಕ್ಕದಲ್ಲಿಟ್ಟುಕೊಂಡು ಐದು ನಿಮಿಷಕ್ಕೊಂದು ಗುಟುಕು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಗುರಿ. ತಣ್ಣೀರು ಹಿಡಿಸದವರಿಗೆ ಬೆಚ್ಚಗಿನ ಜೀರಿಗೆ ನೀರು ಇಳಿಯುತ್ತದೆ. ಊಟದ ಜೊತೆ ನೀರು ಬೇಡ, ಊಟವಾಗಿ ಅರ್ಧ ಗಂಟೆ ಬಿಟ್ಟು ಮತ್ತೆ ಶುರು ಮಾಡಿ. ಮೂತ್ರ ಕಡು ಹಳದಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ನೀರು ಸಾಲುತ್ತಿಲ್ಲ ಎಂದರ್ಥ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆಯವರು ಇದಕ್ಕೆ ಇನ್ನೂ ಹೆಚ್ಚು ಗಮನ ಕೊಡಬೇಕು. ಸೋಡಾ, ಗ್ಯಾಸ್ ತುಂಬಿದ ತಂಪು ಪಾನೀಯ ಬೇಡ.

ಮುದ್ದೆ ಯಾವಾಗ ತಿನ್ನಬಹುದು?

ಮಂಡ್ಯ, ಹಾಸನ, ಕೋಲಾರ, ತುಮಕೂರಿನ ಕಡೆಯವರು ಮೊದಲು ಕೇಳುವುದು ಇದನ್ನೇ. ರಾಗಿ ಒಳ್ಳೆಯದಲ್ಲವೇ ಎನ್ನುತ್ತಾರೆ. ರಾಗಿ ಒಳ್ಳೆಯದೇ, ಅದರಲ್ಲಿರುವಷ್ಟು ಕ್ಯಾಲ್ಸಿಯಂ ಬೇರೆ ಧಾನ್ಯಗಳಲ್ಲಿ ಇಲ್ಲ. ತೊಂದರೆ ಇರುವುದು ತಿನ್ನುವ ರೀತಿಯಲ್ಲಿ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹೊಸ ಜಠರಕ್ಕೆ ಬೇಕಾದದ್ದು ಇದಕ್ಕೆ ಪೂರ್ತಿ ವಿರುದ್ಧ: ಪ್ರತಿ ತುತ್ತೂ ಬಾಯಲ್ಲೇ ನೀರಾಗಬೇಕು. ನುಂಗಿದ ಮುದ್ದೆಯ ತುತ್ತು ಕಿರಿದಾದ ದಾರಿಯಲ್ಲಿ ಅಂಟಿಕೊಂಡು ಕೂತರೆ ಎದೆ ನೋವು, ಬಾಯ್ತುಂಬ ನೊರೆ, ಕೊನೆಗೆ ವಾಂತಿ. ಅಗಿಯೋಣವೆಂದರೆ ಮುದ್ದೆ ಹಲ್ಲಿಗೇ ಮೆತ್ತಿಕೊಳ್ಳುತ್ತದೆ.

ಆದ್ದರಿಂದ ಮೊದಲ ಕೆಲವು ತಿಂಗಳು ರಾಗಿ ಬೇಕಿದ್ದರೆ ಗಂಜಿ ಅಥವಾ ಮಜ್ಜಿಗೆ ಬೆರೆಸಿದ ಅಂಬಲಿ. ಮೂರು ತಿಂಗಳ ಮೇಲೆ ತೆಳ್ಳನೆಯ ರಾಗಿ ದೋಸೆ. ಆರು ತಿಂಗಳ ಆಚೆಗೆ, ಬೇರೆ ಗಟ್ಟಿ ಪದಾರ್ಥಗಳೆಲ್ಲ ಸಲೀಸಾಗಿ ಇಳಿಯುತ್ತಿದ್ದರೆ, ಮೆತ್ತಗೆ ತೊಳಸಿದ ನಿಂಬೆ ಗಾತ್ರದ ಮುದ್ದೆಯನ್ನು ಕಡಲೆಕಾಳಿನಷ್ಟು ಸಣ್ಣ ತುತ್ತು ಮಾಡಿ ನೋಡಬಹುದು. ಅದಕ್ಕೂ ಮೊದಲು ಬಸ್ಸಾರಿನ ಕಾಳು, ಸೊಪ್ಪು ತಿಂದಿರಬೇಕು. ರಾಗಿಯಲ್ಲಿ ಪ್ರೋಟೀನ್ ನೂರು ಗ್ರಾಂಗೆ ಏಳರಷ್ಟು ಮಾತ್ರ. ಇರುವ ಪುಟ್ಟ ಜಾಗವನ್ನು ಮುದ್ದೆಯೇ ತುಂಬಿದರೆ ಕಾಳಿಗೆ ಎಡೆಯಿಲ್ಲ.

ಬಿಸಿ ಚಪಾತಿ, ಅಂಟಂಟಾದ ಅನ್ನ, ಮೈದಾ ಬ್ರೆಡ್ ಇವೂ ಹೀಗೇ ಸಿಕ್ಕಿಕೊಳ್ಳುತ್ತವೆ. ತೆಳ್ಳಗೆ ಬಡಿದ ಖಡಕ್ ಜೋಳದ ರೊಟ್ಟಿ ಬಾಯಲ್ಲಿ ಪುಡಿಯಾಗುವುದರಿಂದ ಹಲವರಿಗೆ ಚಪಾತಿಗಿಂತ ಸುಲಭ. ಮಟನ್‌ನ ನಾರು ಬಹಳ ಕಾಲ ಕಾಡುತ್ತದೆ. ಕೋಳಿಯ ಎದೆ ಭಾಗವೂ ಒಣಗಿದ್ದರೆ ಇಳಿಯುವುದಿಲ್ಲ, ಕೈಮಾ ಮಾಡಿ ಸಾರಿನಲ್ಲಿ ಬೇಯಿಸಿ.

ನಾವು ಸಸ್ಯಾಹಾರಿಗಳು. ಪ್ರೋಟೀನ್ ಎಲ್ಲಿಂದ ತರೋದು? ಸಾರು ಕುಡಿದರೆ ಸಾಲದಾ?

ಸಾಲದು. ಬೇಳೆ ಕಟ್ಟು ಎಂದರೆ ಶಕ್ತಿ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಬಾಣಂತಿಗೂ ಅದೇ, ಜ್ವರಕ್ಕೂ ಅದೇ. ಆದರೆ ಮೇಲಿನ ತಿಳಿಯಲ್ಲಿ ಇರುವುದು ಉಪ್ಪು, ಹುಳಿ, ಘಮ. ಪ್ರೋಟೀನ್ ತಳದ ಬೇಳೆಯಲ್ಲೇ ಉಳಿದಿರುತ್ತದೆ.

ಹೆಚ್ಚಿನವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಲೆಕ್ಕ ಹಾಕಿ ನೋಡೋಣ. ಗಟ್ಟಿ ಬೇಳೆ ಒಂದು ಬಟ್ಟಲಿಗೆ ಸುಮಾರು 6 ಗ್ರಾಂ. ಮೊಸರು ಒಂದು ಬಟ್ಟಲಿಗೆ 5. ಪನೀರ್ 50 ಗ್ರಾಂ ತಿಂದರೆ 9. ಹಾಲು ಒಂದು ಲೋಟಕ್ಕೆ 6. ಹುರಿಗಡಲೆ ಪುಡಿ ಎರಡು ದೊಡ್ಡ ಚಮಚಕ್ಕೆ 4. ಎಲ್ಲ ಸೇರಿದರೂ 30 ಗ್ರಾಂ. ಇಷ್ಟನ್ನು ತಿನ್ನುವ ಜಾಗವೂ ಮೊದಲ ತಿಂಗಳುಗಳಲ್ಲಿ ಹೊಟ್ಟೆಯಲ್ಲಿರುವುದಿಲ್ಲ. ಅದಕ್ಕೇ ಪ್ರೋಟೀನ್ ಪೌಡರ್ ಕೊಡುವುದು. "ಅದು ಜಿಮ್ ಹುಡುಗರು ತಿನ್ನೋದು, ಕಿಡ್ನಿ ಹೋಗುತ್ತೆ" ಎಂದು ಹೆದರಿಸಿ ಡಬ್ಬಿಯನ್ನು ಅಟ್ಟಕ್ಕೇರಿಸುವ ಹಿರಿಯರಿದ್ದಾರೆ. ಕಿಡ್ನಿ ಕಾಯಿಲೆ ಇಲ್ಲದವರಿಗೆ, ಹೇಳಿದ ಅಳತೆಯಲ್ಲಿ, ಅದರಿಂದ ಹಾನಿಯಿಲ್ಲ. ತೆಗೆದುಕೊಳ್ಳದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಕಿಡ್ನಿ ತೊಂದರೆ ಮೊದಲೇ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ ಅಳತೆ ನಿಗದಿ ಮಾಡಿಸಿಕೊಳ್ಳಬೇಕು.

ಮೂರ್ನಾಲ್ಕು ತಿಂಗಳ ನಂತರ ದಾರಿ ಸುಲಭವಾಗುತ್ತದೆ. ಪೆಸರಟ್ಟು, ಮೊಳಕೆ ಕಾಳಿನ ಗೊಜ್ಜು, ಸೋಯಾ ಚಂಕ್ಸ್ ಪುಡಿ ಮಾಡಿ ಬೆರೆಸಿದ ಪಲ್ಯ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು. ಬೈಪಾಸ್ ಆದವರಲ್ಲಿ ಕೆಲವರಿಗೆ ಹಾಲು ಒಗ್ಗದೆ ಹೊಟ್ಟೆ ಗುಡುಗುಡು ಅನ್ನಬಹುದು, ಅವರಿಗೆ ಮೊಸರು ಮೇಲು. ಮೊಟ್ಟೆಯೊಂದಕ್ಕೆ 6 ಗ್ರಾಂ ಸಿಗುತ್ತದೆ, ತಿನ್ನಲು ಅಭ್ಯಂತರವಿಲ್ಲದವರು ಬಿಡಬೇಡಿ.

ತಿಂದ ಕೂಡಲೇ ವಾಂತಿ ಆಗ್ತಿದೆ. ಆಪರೇಷನ್ ಆದವರಿಗೆ ಇದು ಮಾಮೂಲಿ ಅಂತಾರೆ. ಹೌದಾ?

ಒಂದು ದಿನ ಬೇಗ ತಿಂದು ಒಮ್ಮೆ ವಾಂತಿಯಾದರೆ ಚಿಂತೆಯಿಲ್ಲ. ದಿನವೂ ಆದರೆ ಅದು ಮಾಮೂಲಿ ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದಲು ನಿಮಗೆ ಸಮಯವಿದ್ದರೆ ಇದನ್ನು ಓದಿ.

ವಿಟಮಿನ್ ಬಿ1, ಅಂದರೆ ಥಯಮಿನ್, ನಮ್ಮ ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ಶೇಖರವಾಗಿರುತ್ತದೆ. ಊಟ ಕಡಿಮೆ, ಜೊತೆಗೆ ವಾಂತಿ ಎಂದಾಗ ಅದು ಖಾಲಿಯಾಗುತ್ತದೆ. ಮೊದಲು ಕಾಲು ಉರಿ, ಜೋಮು. ಆಮೇಲೆ ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮರೆವು, ಮಾತು ಗೊಂದಲವಾಗುವುದು. ಈ ಹಂತಕ್ಕೆ ಬಂದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಇದಕ್ಕೆ ವರ್ನಿಕೆ ಎಂದು ಹೆಸರು.

ನಮ್ಮೂರುಗಳಲ್ಲಿ ಇದರ ಅಪಾಯ ದುಪ್ಪಟ್ಟು. ಸುಸ್ತು ಎಂದರೆ ಹತ್ತಿರದ ಕ್ಲಿನಿಕ್‌ಗೆ ಹೋಗಿ "ಒಂದು ಗ್ಲೂಕೋಸ್ ಬಾಟಲಿ ಹಾಕಿ" ಎನ್ನುವುದು ರೂಢಿ. ಗ್ಲೂಕೋಸನ್ನು ಬಳಸಿಕೊಳ್ಳಲು ದೇಹಕ್ಕೆ ಥಯಮಿನ್ ಬೇಕು. ಮೊದಲೇ ಕೊರತೆಯಿರುವವರಿಗೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದದ್ದೂ ಖರ್ಚಾಗಿ ತೊಂದರೆ ಒಮ್ಮೆಗೇ ಉಲ್ಬಣಿಸಬಹುದು. ಥಯಮಿನ್ ಇಂಜೆಕ್ಷನ್ ಮೊದಲು ಅಥವಾ ಜೊತೆಯಲ್ಲೇ ಹೋಗಬೇಕು. ಯಾವ ಕ್ಲಿನಿಕ್‌ನಲ್ಲಿ ಡ್ರಿಪ್ ಹಾಕಿಸಿಕೊಂಡರೂ "ನನಗೆ ಬೊಜ್ಜಿನ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿ ಇದೆ, ಥಯಮಿನ್ ಕೊಡಿ" ಎಂದು ಹೇಳಿ. ರೋಗಿಗೆ ಹೇಳುವ ಶಕ್ತಿ ಇಲ್ಲದಿದ್ದರೆ ಜೊತೆಯಲ್ಲಿ ಬಂದವರು ಹೇಳಬೇಕು.

ಎರಡು ಮೂರು ದಿನ ವಾಂತಿ ನಿಲ್ಲದಿದ್ದರೆ, ನೀರೂ ನಿಲ್ಲದಿದ್ದರೆ ಅಂದೇ, ಸರ್ಜನ್‌ಗೆ ಫೋನ್ ಮಾಡಿ. ದಾರಿ ಕಿರಿದಾಗಿ ಕಟ್ಟಿಕೊಂಡಿರಬಹುದು. ಎಂಡೊಸ್ಕೋಪಿಯಲ್ಲಿ ಗೊತ್ತಾಗುತ್ತದೆ, ಎಷ್ಟೋ ಸಲ ಅಲ್ಲೇ ಬಲೂನಿನಿಂದ ಅಗಲಿಸಿ ಸರಿಮಾಡುತ್ತಾರೆ.

ಹೋಳಿಗೆ ತಿಂದೆ. ಎದೆ ಢವಢವ, ಬೆವರು, ಭೇದಿ. ಹಾರ್ಟ್ ಅಟ್ಯಾಕಾ?

ಬಹುಮಟ್ಟಿಗೆ ಇದು ಡಂಪಿಂಗ್. ಸಕ್ಕರೆ, ಬೆಲ್ಲ ಜಠರದಲ್ಲಿ ನಿಲ್ಲದೆ ಸೀದಾ ಕರುಳಿಗೆ ಸುರಿದಾಗ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೀಗಾಗುತ್ತದೆ. ಬೈಪಾಸ್‌ನಲ್ಲಿ ಹೆಚ್ಚು, ಸ್ಲೀವ್‌ನಲ್ಲೂ ಆಗಬಹುದು. ಮಲಗಿಕೊಂಡರೆ ತಾನಾಗಿ ಇಳಿಯುತ್ತದೆ. ಎದೆನೋವು ಕೈಗೋ ದವಡೆಗೋ ಹರಿದರೆ, ಅರ್ಧ ಗಂಟೆಯಲ್ಲಿ ಹಗುರಾಗದಿದ್ದರೆ ಡಂಪಿಂಗ್ ಎಂದುಕೊಂಡು ಕೂರದೆ ಇಸಿಜಿ ಮಾಡಿಸಿ.

ಇನ್ನೊಂದು ಬಗೆ ತಿಂದು ಒಂದರಿಂದ ಮೂರು ಗಂಟೆ ಬಿಟ್ಟು ಬರುತ್ತದೆ: ಕೈ ನಡುಕ, ತಣ್ಣನೆ ಬೆವರು, ತಲೆಸುತ್ತು. ಇನ್ಸುಲಿನ್ ಅತಿಯಾಗಿ ಸುರಿದು ರಕ್ತದ ಸಕ್ಕರೆ ಬಿದ್ದಿರುತ್ತದೆ. ಆ ಕ್ಷಣಕ್ಕೆ ಎರಡು ಚಮಚ ಸಕ್ಕರೆ ನೀರು, ಹಿಂದೆಯೇ ಮೊಟ್ಟೆ ಅಥವಾ ಪನೀರಿನಂಥದ್ದು. ಪದೇ ಪದೇ ಆಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಗಾಡಿ ಓಡಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ವಿಟಮಿನ್ ಮಾತ್ರೆ ಎಷ್ಟು ತಿಂಗಳು?

ಜೀವನಪೂರ್ತಿ. ಇದನ್ನು ಕೇಳಿ ಮುಖ ಬಾಡುತ್ತದೆ ಎಂದು ಗೊತ್ತು, ಆದರೂ ಮರೆಮಾಚುವುದು ಸರಿಯಲ್ಲ.

ಮೊದಲ ವರ್ಷ ಮಾತ್ರೆ ಬಿಟ್ಟವರಿಗೂ ಹೆಚ್ಚು ತೊಂದರೆ ಕಾಣಿಸದಿರಬಹುದು, ಮೋಸ ಇರುವುದೇ ಅಲ್ಲಿ. ಬಿ12 ಯಕೃತ್ತಿನಲ್ಲಿ ವರ್ಷಕ್ಕೂ ಮೀರಿ ದಾಸ್ತಾನಿರುತ್ತದೆ. ಅದು ಕರಗಿ, ಕೈಕಾಲು ಜುಮುಗುಟ್ಟಿ, ನಡಿಗೆ ತಪ್ಪುವ ಹೊತ್ತಿಗೆ ನರಗಳು ಸವೆದಿರುತ್ತವೆ. ಸಸ್ಯಾಹಾರಿಗಳಲ್ಲಿ ದಾಸ್ತಾನು ಮೊದಲೇ ಕಡಿಮೆ, ಆದ್ದರಿಂದ ಅವರಿಗೆ ಇದು ಬೇಗ ಬರುತ್ತದೆ.

ಸಾಮಾನ್ಯವಾಗಿ ಕೊಡುವುದು ಇಷ್ಟು: ದಿನಕ್ಕೊಂದು ಪೂರ್ಣ ಮಲ್ಟಿವಿಟಮಿನ್, ಬಿ12 ದಿನವೂ ಮಾತ್ರೆ ಅಥವಾ ತಿಂಗಳಿಗೊಂದು 1000 ಮೈಕ್ರೊಗ್ರಾಂ ಇಂಜೆಕ್ಷನ್, ಕ್ಯಾಲ್ಸಿಯಂ 1200ರಿಂದ 1500 ಮಿಲಿಗ್ರಾಂ, ಎರಡು ಮೂರು ಹೊತ್ತಿಗೆ ಹಂಚಿ, ವಿಟಮಿನ್ ಡಿ, ಮುಟ್ಟಾಗುವ ಹೆಣ್ಣುಮಕ್ಕಳಿಗೆ ಮತ್ತು ಬೈಪಾಸ್ ಆದವರಿಗೆ ದಿನಕ್ಕೆ 45ರಿಂದ 60 ಮಿಲಿಗ್ರಾಂ ಕಬ್ಬಿಣ. ಕ್ಯಾಲ್ಸಿಯಂನಲ್ಲಿ ಸಿಟ್ರೇಟ್ ಕೇಳಿ ಪಡೆಯಿರಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಕಾರ್ಬೊನೇಟ್ ಕರಗಲು ಹೆಚ್ಚು ಆಮ್ಲ ಬೇಕು, ಅದು ಈಗ ನಿಮ್ಮ ಹೊಟ್ಟೆಯಲ್ಲಿ ಕಡಿಮೆ.

ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಿದರೆ ದೇಹಕ್ಕೆ ಸೇರುವುದು ಬಹಳ ಕಡಿಮೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅದಾದ ನಾಲ್ಕು ಗಂಟೆಯವರೆಗೆ ಇವೆರಡನ್ನೂ ಮುಟ್ಟಬಾರದು. ಬೆಳಗ್ಗೆ ಎದ್ದ ಕೂಡಲೇ ಥೈರಾಯ್ಡ್, ಮಧ್ಯಾಹ್ನ ಕಬ್ಬಿಣ, ಸಂಜೆ ಮತ್ತು ಮಲಗುವಾಗ ಕ್ಯಾಲ್ಸಿಯಂ ಎಂದು ಒಂದು ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಇಷ್ಟಲ್ಲದೆ ಪಿತ್ತಕೋಶದಲ್ಲಿ ಕಲ್ಲಾಗದಂತೆ ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನು ಆರು ತಿಂಗಳು ಕೊಟ್ಟಿದ್ದರೆ ನಡುವೆ ನಿಲ್ಲಿಸಬೇಡಿ. ತೂಕ ವೇಗವಾಗಿ ಇಳಿಯುವವರಲ್ಲಿ ಕಲ್ಲಾಗುವ ಸಂಭವ ಹೆಚ್ಚು.

ಶುಗರ್ ನಾರ್ಮಲ್ ಬಂತು. ಮಾತ್ರೆ ಬಿಡಬಹುದಾ?

ಡಾಕ್ಟರ್ ಹೇಳದೆ ಬಿಡಬೇಡಿ, ಹಳೆಯ ಅಳತೆಯಲ್ಲೇ ಮುಂದುವರಿಸಲೂ ಬೇಡಿ. ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ, ಸಕ್ಕರೆ ಇಳಿಯುವುದುಂಟು. ಆಗ ಹಳೆಯ ಲೆಕ್ಕದ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮುಂದುವರಿಸಿದರೆ ಶುಗರ್ ಅಪಾಯದ ಮಟ್ಟಕ್ಕೆ ಬೀಳಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಮತ್ತೆ ಯಾವಾಗ ಶುರು ಮಾಡಬೇಕೆಂದು ಕೇಳಿಯೇ ಶುರು ಮಾಡಬೇಕು. ಊಟ ತೀರಾ ಕಡಿಮೆಯಿರುವಾಗ ಇವುಗಳಿಂದ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುವ ಅಪಾಯವಿದೆ, ಅದೂ ಶುಗರ್ ರೀಡಿಂಗ್ ಸಾಧಾರಣವಾಗಿ ಕಾಣುವಾಗಲೇ. ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವಂಥದ್ದು, ನೀರು ಕಡಿಮೆ ಕುಡಿಯುವ ದಿನಗಳಲ್ಲಿ ತಲೆಸುತ್ತಿ ಬೀಳಿಸಬಹುದು. ಮನೆಯಲ್ಲೊಂದು ಗ್ಲೂಕೋಮೀಟರ್, ಒಂದು ಬಿಪಿ ಯಂತ್ರ ಇರಲಿ.

ಸಕ್ಕರೆ ಕಾಯಿಲೆ ವಾಸಿಯಾಯಿತು ಎಂದು ಊರಿಗೆಲ್ಲ ಹೇಳುವ ಮೊದಲು ಇದನ್ನು ಓದಿ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೀರ್ಘ ಅಧ್ಯಯನದಲ್ಲಿ, ಆಪರೇಷನ್‌ಗೆ ಮೊದಲು ಸಕ್ಕರೆ ಕಾಯಿಲೆ ಇದ್ದವರ ಪೈಕಿ ಎರಡು ವರ್ಷದ ಹೊತ್ತಿಗೆ 72 ಶೇಕಡಾ ಮಂದಿ ಅದರಿಂದ ಹೊರಬಂದಿದ್ದರು. ಹತ್ತು ವರ್ಷದ ಹೊತ್ತಿಗೆ ಆ ಸಂಖ್ಯೆ 36 ಶೇಕಡಾಕ್ಕೆ ಇಳಿದಿತ್ತು. ಬಿಡುವು ಸಿಕ್ಕಿದ ವರ್ಷಗಳೂ ಕಣ್ಣು, ಕಿಡ್ನಿಗೆ ದೊಡ್ಡ ಲಾಭವೇ. ಆದರೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮತ್ತು ಕಣ್ಣಿನ ಪರೀಕ್ಷೆ ನಿಲ್ಲಿಸುವ ಹಾಗಿಲ್ಲ. ಗೊರಕೆ ಯಂತ್ರ ಹಾಕಿಕೊಂಡು ಮಲಗುವವರೂ ಅಷ್ಟೇ, ಮರುಪರೀಕ್ಷೆ ಆಗುವವರೆಗೆ ಅದನ್ನು ಎತ್ತಿಡಬೇಡಿ.

ಮಂಡಿ ನೋವಿಗೆ ಯಾವ ಮಾತ್ರೆ?

ಪ್ಯಾರಸಿಟಮಾಲ್. ಮೆಡಿಕಲ್ ಶಾಪ್‌ನಲ್ಲಿ "ನೋವಿನ ಮಾತ್ರೆ ಕೊಡಿ" ಎಂದರೆ ಕೊಡುವ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಬೇಡ. ಬೈಪಾಸ್ ಆದವರಿಗಂತೂ ಜೋಡಣೆಯ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ತೂತೂ ಬೀಳಬಹುದು. ಪ್ಯಾರಸಿಟಮಾಲ್ ಜೊತೆ ಇವನ್ನು ಬೆರೆಸಿದ ಮಾತ್ರೆಗಳೂ ಬಹಳ ಇವೆ, ಪಟ್ಟಿಯ ಹಿಂಬದಿ ಓದಿಸಿ. ಹಲ್ಲಿನ ಡಾಕ್ಟರಿಗೂ ಹೇಳಿ. ಹೃದಯಕ್ಕೆಂದು ಆಸ್ಪಿರಿನ್ ಬರೆದುಕೊಟ್ಟಿದ್ದರೆ ಅದನ್ನು ನೀವಾಗಿ ನಿಲ್ಲಿಸದೆ ಬರೆದವರನ್ನು ಕೇಳಿ.

ಕೂದಲು ಹಿಡಿಹಿಡಿ ಉದುರುತ್ತಿದೆ.

ಮೂರನೇ ತಿಂಗಳಿಂದ ಆರನೇ ತಿಂಗಳವರೆಗೆ ಇದು ತುಂಬ ಜನಕ್ಕೆ ಆಗುತ್ತದೆ. ದೊಡ್ಡ ಆಪರೇಷನ್, ದಿಢೀರ್ ತೂಕ ಇಳಿಕೆ ಎರಡೂ ಸೇರಿ ಕೂದಲ ಬುಡಗಳನ್ನು ವಿಶ್ರಾಂತಿಗೆ ತಳ್ಳುತ್ತವೆ. ಬಾಣಂತಿಯರಿಗೆ ಉದುರುವುದೂ ಇದೇ ಬಗೆ. ಬುಡ ಸತ್ತಿರುವುದಿಲ್ಲ, ವರ್ಷದ ಹೊತ್ತಿಗೆ ಮತ್ತೆ ಬರುತ್ತದೆ. ಎಣ್ಣೆ, ಶಾಂಪೂಗೆ ದುಡ್ಡು ಸುರಿಯುವ ಬದಲು ಪ್ರೋಟೀನ್ ಲೆಕ್ಕ ನೋಡಿ, ದೇಹದಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಒಂಬತ್ತು ತಿಂಗಳಾದರೂ ನಿಲ್ಲದಿದ್ದರೆ ಕಬ್ಬಿಣ, ಸತು, ಥೈರಾಯ್ಡ್ ಕಡೆ ಹುಡುಕಬೇಕು.

ಮೂರು ವಾರದಿಂದ ಒಂದು ಗ್ರಾಂ ಕೂಡ ಇಳಿದಿಲ್ಲ. ಆಪರೇಷನ್ ಫೇಲ್ ಆಯ್ತಾ?

ಇಲ್ಲ. ಇಳಿಕೆ ಮೆಟ್ಟಿಲು ಮೆಟ್ಟಿಲಾಗಿಯೇ ನಡೆಯುತ್ತದೆ, ಮೊದಲ ನಿಲುಗಡೆ ಒಂದನೇ ತಿಂಗಳ ಆಸುಪಾಸಿನಲ್ಲೇ ಬರುವುದುಂಟು. ಅತಿ ಕಡಿಮೆ ತೂಕಕ್ಕೆ ತಲುಪುವುದು ಸಾಮಾನ್ಯವಾಗಿ 12ರಿಂದ 18 ತಿಂಗಳಿಗೆ. ಸ್ಲೀವ್‌ನಲ್ಲಿ ಒಟ್ಟು ತೂಕದ ಕಾಲುಭಾಗದಷ್ಟು, ಬೈಪಾಸ್‌ನಲ್ಲಿ 30 ಶೇಕಡಾದಷ್ಟು ಇಳಿಯುವುದು ಸರಾಸರಿ. ಅಂದರೆ 120 ಕೆಜಿ ಇದ್ದವರು 85–90ಕ್ಕೆ ಬಂದರೆ ಅದು ಒಳ್ಳೆಯ ಫಲಿತಾಂಶ, 60ಕ್ಕೆ ಬರಲಿಲ್ಲವೆಂದು ಕೊರಗಬೇಕಾಗಿಲ್ಲ. ವಾರಕ್ಕೊಮ್ಮೆ ತೂಕ ನೋಡಿದರೆ ಸಾಕು. ಜೊತೆಗೆ ಆಪರೇಷನ್ ಆದ ಇನ್ನೊಬ್ಬರ ಇಳಿಕೆಗೆ ನಿಮ್ಮದನ್ನು ಹೋಲಿಸಬೇಡಿ.

ಕೆಲಸಕ್ಕೆ, ವ್ಯಾಯಾಮಕ್ಕೆ ಯಾವಾಗ?

ನಡಿಗೆ ಆಸ್ಪತ್ರೆಯಿಂದಲೇ ಶುರು. ಕೂತು ಮಾಡುವ ಕೆಲಸಕ್ಕೆ ಎರಡು ಮೂರು ವಾರ. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮೂಟೆ, ಮಗು ಎತ್ತುವುದು ಆರು ವಾರ ಬೇಡ. ಮನೆಗೆಲಸದ ಹೆಂಗಸರಿಗೆ ಈ ವಿಶ್ರಾಂತಿ ತಾನಾಗಿ ಸಿಗುವುದಿಲ್ಲ, ಆಪರೇಷನ್‌ಗೆ ಮೊದಲೇ ಮನೆಯವರ ಹತ್ತಿರ ಮಾತಾಡಿ ಗೊತ್ತುಮಾಡಿಕೊಳ್ಳಿ. ಗಟ್ಟಿಯಾಗಿ ಬ್ರೇಕ್ ಒತ್ತಿದರೂ ನೋವಾಗದಿದ್ದಾಗ ಗಾಡಿ. ಎರಡು ತಿಂಗಳ ಮೇಲೆ ಬರೀ ನಡಿಗೆ ಸಾಲದು, ಸ್ನಾಯು ಉಳಿಸಿಕೊಳ್ಳಲು ಭಾರ ಎತ್ತುವ ವ್ಯಾಯಾಮ ಬೇಕು. ಒಂದು ಲೀಟರ್ ನೀರಿನ ಬಾಟಲಿಗಳಿಂದಲೇ ಶುರು ಮಾಡಿ.

ಮದುವೆ, ಹಬ್ಬ, ಉಪವಾಸ ಹೇಗೆ ನಿಭಾಯಿಸೋದು?

ಬಾಳೆಲೆ ಊಟದಲ್ಲಿ ನಿಮಗೆ ಬೇಕಾದದ್ದು ಮೊದಲೇ ಬಂದಿರುತ್ತದೆ. ಕೋಸಂಬರಿ, ಕಾಳಿನ ಪಲ್ಯ. ಅವನ್ನು ನಿಧಾನವಾಗಿ ಅಗಿದು ತಿನ್ನುವ ಹೊತ್ತಿಗೆ ಪಂಕ್ತಿ ಪಾಯಸ ಮುಗಿಸಿ ಅನ್ನಕ್ಕೆ ಬಂದಿರುತ್ತದೆ. "ಇನ್ನೊಂಚೂರು ಹಾಕಿಸ್ಕೊಳಿ, ಏನೂ ತಿಂದಿಲ್ಲ" ಎಂಬ ಒತ್ತಾಯಕ್ಕೆ "ಡಾಕ್ಟರ್ ಬೇಡ ಅಂದಿದ್ದಾರೆ" ಎಂಬುದಷ್ಟೇ ಸಾಕು. ಯಾವ ಆಪರೇಷನ್, ಯಾಕೆ ಎಂದು ಎಲ್ಲರಿಗೂ ವಿವರಿಸುವ ಋಣ ನಿಮಗಿಲ್ಲ. ಹೋಳಿಗೆಯ ಒಂದು ಚೂರು ಊಟದ ಕೊನೆಗೆ ತಿನ್ನಿ, ಖಾಲಿ ಹೊಟ್ಟೆಗೆ ಬೇಡ.

ಏಕಾದಶಿ, ಶಿವರಾತ್ರಿಯ ನಿರ್ಜಲ ಉಪವಾಸ, ರಂಜಾನ್ ರೋಜಾ ಮೊದಲ ವರ್ಷ ಬೇಡವೆಂದೇ ನಾನು ಹೇಳುತ್ತೇನೆ. ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕಾದ ನೀರನ್ನು ರಾತ್ರಿಯ ಕೆಲವು ಗಂಟೆಗಳಲ್ಲಿ ತುಂಬಿಸಲು ಈ ಹೊಟ್ಟೆಗೆ ಆಗುವುದಿಲ್ಲ. ಕಾಯಿಲೆಯವರಿಗೆ ಎಲ್ಲ ಧರ್ಮಗಳಲ್ಲೂ ರಿಯಾಯಿತಿ ಇದೆ.

ಮದುವೆಯಾಗಿ ಎಷ್ಟೋ ವರ್ಷದಿಂದ ಮಕ್ಕಳಿಲ್ಲ. ಈಗ ಪ್ರಯತ್ನಿಸಬಹುದಾ?

12ರಿಂದ 18 ತಿಂಗಳು ತಡೆಯಿರಿ. ಅತ್ತೆ ಮನೆಯ ಒತ್ತಡ ಗೊತ್ತಿದೆ, ಆದರೂ ತಡೆಯಿರಿ. ನಿಮ್ಮ ದೇಹಕ್ಕೇ ಪೋಷಣೆ ಸಾಲದ ಸಮಯದಲ್ಲಿ ಮಗುವಿಗೆ ಸಿಗುವುದು ಇನ್ನೂ ಕಡಿಮೆ. ವಿಚಿತ್ರವೆಂದರೆ ಇದೇ ತಿಂಗಳುಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಪಿಸಿಒಡಿಯಿಂದ ನಿಂತಿದ್ದ ಮುಟ್ಟು ತೂಕ ಇಳಿದಂತೆ ಸರಿಹೋಗುತ್ತದೆ. "ನನಗೆ ಹೇಗೂ ಆಗಲ್ಲ" ಎಂದು ಮೈಮರೆಯಬೇಡಿ. ಬೈಪಾಸ್ ಆದ ಮೇಲೆ ನುಂಗುವ ಗರ್ಭನಿರೋಧಕ ಮಾತ್ರೆಯನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಕಾಪರ್ ಟಿಯಂಥ ವಿಧಾನ ಮೇಲು.

ಗರ್ಭ ನಿಂತ ಮೇಲೆ ನಮ್ಮಲ್ಲಿ ಗರ್ಭಿಣಿಯರಿಗೆಲ್ಲ 75 ಗ್ರಾಂ ಗ್ಲೂಕೋಸ್ ಕುಡಿಸಿ ಶುಗರ್ ನೋಡುತ್ತಾರೆ. ನಿಮಗೆ ಅದರಿಂದ ತೀವ್ರ ಡಂಪಿಂಗ್ ಆಗಬಹುದು. ಮೊದಲೇ ತಿಳಿಸಿ, ಗ್ಲೂಕೋಮೀಟರ್‌ನಿಂದ ಒಂದು ವಾರ ಮನೆಯಲ್ಲೇ ನೋಡುವ ದಾರಿ ಇದೆ.

ಗುಂಡು, ಸಿಗರೇಟು, ಗುಟ್ಕಾ?

ಆಪರೇಷನ್ ಆದ ಮೇಲೆ ಮದ್ಯ ರಕ್ತಕ್ಕೆ ಬೇಗ ಏರುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಮೊದಲು ಎರಡು ಪೆಗ್‌ಗೆ ಏನೂ ಆಗದವರಿಗೆ ಈಗ ಅರ್ಧಕ್ಕೇ ತಲೆಗೇರಬಹುದು. ಊಟದಲ್ಲಿ ಸಿಗುತ್ತಿದ್ದ ಸಮಾಧಾನವನ್ನು ಗ್ಲಾಸಿನಲ್ಲಿ ಹುಡುಕುವವರೂ ಇದ್ದಾರೆ. ಬೈಪಾಸ್ ಆದವರಲ್ಲಿ ಕುಡಿತದ ಚಟ ಎರಡನೇ ವರ್ಷದಲ್ಲಿ ಹೆಚ್ಚುವುದನ್ನು ಅಮೆರಿಕದ ದೊಡ್ಡ ಅಧ್ಯಯನವೊಂದು 2012ರಲ್ಲೇ ತೋರಿಸಿದೆ. ಮೊದಲ ವರ್ಷ ಪೂರ್ತಿ ದೂರವಿರಿ. ತಂಬಾಕು ಯಾವ ರೂಪದಲ್ಲೂ ಬೇಡ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪೂ ಸೇರಿ.

ಸಣ್ಣ ಆದೆ, ಎಲ್ಲರೂ ಹೊಗಳ್ತಾರೆ. ಆದರೂ ಅಳು ಬರುತ್ತೆ. ಯಾಕೆ?

ಯಾಕೆಂದರೆ ಊಟ ಬರೀ ಹೊಟ್ಟೆಗಲ್ಲ. ಬೇಸರಕ್ಕೆ, ಒಂಟಿತನಕ್ಕೆ, ಸಂತೋಷಕ್ಕೆ ಆಸರೆಯಾಗಿದ್ದದ್ದು ಒಂದೇ ದಿನದಲ್ಲಿ ಕೈಬಿಟ್ಟು ಹೋಗಿದೆ. ಅಮ್ಮ ಕೈತುತ್ತು ಕೊಡಲು ಬಂದಾಗ ಬೇಡ ಎನ್ನಬೇಕಾಗಿದೆ. ಮುಖ ಬಾಡಿರುವುದನ್ನು ನೋಡಿ "ಏನಾದ್ರೂ ದೊಡ್ಡ ಕಾಯಿಲೆನಾ" ಎನ್ನುವವರು, "ಬಾಯಿ ಕಟ್ಟೋಕೆ ಆಗದೆ ಹೊಟ್ಟೆ ಕತ್ತರಿಸ್ಕೊಂಡ್ರು" ಎನ್ನುವವರು ಸಿಗುತ್ತಾರೆ. ಎರಡನೆಯ ಮಾತಿಗೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಬೊಜ್ಜು ಕಾಯಿಲೆ. ಅದಕ್ಕೆ ಚಿಕಿತ್ಸೆ ಪಡೆಯುವುದು ಸೋಲಲ್ಲ.

ಗಂಡ ಹೆಂಡತಿಯ ನಡುವೆಯೂ ಹೊಸ ಅನುಮಾನ, ಹೊಸ ಅಂತರ ಹುಟ್ಟಬಹುದು. ಇಬ್ಬರೂ ಒಟ್ಟಿಗೆ ಕೌನ್ಸೆಲರ್ ಬಳಿ ಹೋಗಿ ಮಾತಾಡಿದರೆ ಒಳ್ಳೆಯದು. ಎರಡು ವಾರ ಬಿಡದೆ ಬೇಸರವಿದ್ದರೆ, ನಿದ್ದೆ ಕೆಟ್ಟರೆ, ಬದುಕು ಬೇಡವೆನಿಸಿದರೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಾನಸಿಕ ಮಾತ್ರೆಗಳನ್ನು ಮೊದಲಿನಿಂದ ತೆಗೆದುಕೊಳ್ಳುತ್ತಿದ್ದವರಲ್ಲಿ ಅವು ಹೀರಿಕೊಳ್ಳುವ ಪ್ರಮಾಣ ಬದಲಾಗಿರಬಹುದು, ಅಳತೆ ಮತ್ತೆ ನೋಡಿಸಿ.

ಜೋತುಬಿದ್ದ ಚರ್ಮಕ್ಕೆ ಏನು ಮಾಡೋದು?

ವ್ಯಾಯಾಮದಿಂದ ಪೂರ್ತಿ ಹೋಗುವುದಿಲ್ಲ. ಮಡಿಕೆಗಳಲ್ಲಿ ಬೆವರು ನಿಂತು ಹುಣ್ಣಾಗದಂತೆ ಒಣಗಿಸಿಟ್ಟುಕೊಳ್ಳಿ. ಪ್ಲಾಸ್ಟಿಕ್ ಸರ್ಜರಿ ಬೇಕಿದ್ದರೆ ತೂಕ ಕನಿಷ್ಠ ಆರು ತಿಂಗಳು ಒಂದೇ ಮಟ್ಟದಲ್ಲಿ ನಿಂತ ಮೇಲೆ. ಚೆಂದಕ್ಕೆ ಮಾಡಿಸುವುದು ಎಂಬ ಕಾರಣಕ್ಕೆ ವಿಮೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ವರ್ಷ ಆಯ್ತು, ಆರಾಮಾಗಿದ್ದೀನಿ. ಇನ್ನೂ ಡಾಕ್ಟರ ಹತ್ತಿರ ಹೋಗಬೇಕಾ?

ಹೋಗಬೇಕು. ಮೂರು, ಆರು, ಹನ್ನೆರಡು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ಮಾಡಿಸಬೇಕಾದದ್ದು ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು, ಆಲ್ಬುಮಿನ್, ಲಿವರ್, ಕಿಡ್ನಿ, ಎಚ್‌ಬಿಎ1ಸಿ. ಬೈಪಾಸ್ ಆದವರಿಗೆ ವಿಟಮಿನ್ ಎ ಮತ್ತು ಸತು ಕೂಡ. ಸ್ಲೀವ್ ಆದವರಿಗೆ ಎದೆಯುರಿ, ಹುಳಿತೇಗು ಇದ್ದರೆ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ಬದಲು ಎಂಡೊಸ್ಕೋಪಿ ಮಾಡಿಸಿ.

ಆಪರೇಷನ್ ಬೆಂಗಳೂರಿನಲ್ಲಾಗಿ ನೀವಿರುವುದು ಬೀದರ್‌ನಲ್ಲೋ ಸಿರ್ಸಿಯಲ್ಲೋ ಆದರೆ ಪ್ರತಿ ಸಲ ಪ್ರಯಾಣ ಮಾಡಬೇಕಿಲ್ಲ. ಇದೇ ಪಟ್ಟಿ ಹಿಡಿದು ಊರಿನ ಲ್ಯಾಬ್‌ನಲ್ಲಿ ರಕ್ತ ಕೊಟ್ಟು, ವರದಿಯನ್ನು ಮೊಬೈಲ್‌ನಲ್ಲಿ ಕಳಿಸಿ, ಫೋನಿನಲ್ಲಿ ಮಾತಾಡುವ ವ್ಯವಸ್ಥೆ ಸಾಧ್ಯವಾ ಎಂದು ನಿಮ್ಮ ಆಸ್ಪತ್ರೆಯನ್ನು ಕೇಳಿ. ಎರಡನೇ ವರ್ಷದಲ್ಲಿ ಹಸಿವು ಮರಳುತ್ತದೆ, ತಟ್ಟೆ ಸ್ವಲ್ಪ ದೊಡ್ಡದಾಗುತ್ತದೆ, ಒಂದೆರಡು ಕೆಜಿ ಏರಬಹುದು. ನಾಚಿಕೊಂಡು ಡಾಕ್ಟರನ್ನು ತಪ್ಪಿಸಲು ಶುರು ಮಾಡುವುದು ಆಗಲೇ. ಐದಾರು ಕೆಜಿ ಏರುವ ಮೊದಲೇ ಹೋದರೆ ಊಟದ ಕ್ರಮ ತಿದ್ದುವುದರಿಂದ ಹಿಡಿದು ಔಷಧಿಯವರೆಗೆ ಮಾಡುವುದು ಬಹಳಷ್ಟಿದೆ.